ನೇರಳೆ ಗೆರೆ

ಡಿಪೋದ ಗೋಡೆಗುಂಟ ಹನ್ನೆರಡು ಚಾರ್ಜರ್‌ಗಳು ಸಾಲಾಗಿ ನಿಂತಿದ್ದವು. ಒಂದೊಂದೂ ಅರವತ್ತು ಕಿಲೋವ್ಯಾಟಿನದು. ಮನೆಗೋಡೆಗೆ ನೇತುಹಾಕುವಷ್ಟು ಚಿಕ್ಕವಲ್ಲ, ಹೆದ್ದಾರಿಯಲ್ಲಿ ಹತ್ತೇ ನಿಮಿಷಕ್ಕೆ ಗಾಡಿಯ ಹೊಟ್ಟೆ ತುಂಬಿಸಿ ಅಟ್ಟುವ ದೈತ್ಯರೂ ಅಲ್ಲ. ಎಲೆಕ್ಟ್ರಿಕ್ ಪಾರ್ಸೆಲ್ ವ್ಯಾನುಗಳು ಸರಕು ಹೇರಿಸಿಕೊಳ್ಳುವ ಒಂದು ಗಂಟೆಯಲ್ಲಿ ಸದ್ದಿಲ್ಲದೆ ಕೆಲಸ ಮುಗಿಸುವಂಥವು. ಅವುಗಳನ್ನು ಕೂರಿಸಿದ ಎಲೆಕ್ಟ್ರಿಷಿಯನ್ ಹುಡುಗಿಗೆ ಅವೆಂದರೆ ಅಕ್ಕರೆ. "ನಡುವಿನ ಮಕ್ಕಳ ಹಾಗೆ ಕಣಕ್ಕಾ, ದುಡಿಮೆಯೆಲ್ಲ ಇವರದು, ಫೋಟೋದಲ್ಲಿ ಮಾತ್ರ ಇರಲ್ಲ" ಎಂದು ಅಕ್ಕನ ಹತ್ತಿರ ನಗುತ್ತಿದ್ದಳು.

ಡಿಪೋದಲ್ಲಿ ಅವಳಿಗೆ ಗೆರೆಯಮ್ಮ ಎಂದೇ ಹೆಸರು. ಕೇಬಲ್ ಕೂರಿಸಿದ ಪ್ರತಿ ನಟ್ಟನ್ನೂ ಸರಿಯಾದ ಬಿಗಿಗೆ ಬಂದಾಗ 'ಟಕ್' ಎನ್ನುವ ಸ್ಪ್ಯಾನರಿನಿಂದ ತಿರುಗಿಸಿ, ನಟ್ಟಿನಿಂದ ಕೆಳಗಿನ ತಗಡಿನವರೆಗೆ ಒಂದು ಗೆರೆ ಎಳೆಯುತ್ತಿದ್ದಳು. ಮುಂದೆ ನಟ್ಟು ಸಡಿಲವಾದರೆ, ಕೇಬಲ್ ಕಾದು ಸುಡುವ ಮೊದಲೇ ಗೆರೆ ಎರಡು ತುಂಡಾಗಿ ಕಾಣುತ್ತದೆ. ಎಲ್ಲರೂ ಕೆಂಪು ಪೇಂಟಿನಲ್ಲಿ ಎಳೆದರೆ ಇವಳದು ಅಕ್ಕನ ನೇರಳೆ ಉಗುರುಬಣ್ಣ. ಮೊದಲ ದಿನ ಪೇಂಟು ತೀರಿತ್ತು, ಅದೇ ರೂಢಿಯಾಯಿತು.

ಆ ಪಾಠ ಹೇಳಿಕೊಟ್ಟವನು ಅಕ್ಕನ ಗಂಡ. ಈ ಕೆಲಸದ ಗುತ್ತಿಗೆದಾರನೂ ಅವನೇ. ಅಪ್ಪ ಹೋದ ಮೇಲೆ ಅವಳನ್ನು ಮನೆಯಲ್ಲಿಟ್ಟುಕೊಂಡು, ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿ ಲೈಸೆನ್ಸ್ ಕೊಡಿಸಿದ್ದ. "ಮೊದಲು ಟಕ್, ಆಮೇಲೆ ಗೆರೆ. ಟಕ್ ಇಲ್ದೆ ಗೆರೆ ಎಳೆದ್ರೆ ಸುಳ್ಳು ಸಹಿ ಹಾಕಿದ ಹಾಗೆ ಕಣಮ್ಮ" ಎಂದವನು. ಭಾವ ಎಂದರೆ ಅವಳ ಪಾಲಿಗೆ ಎರಡನೆಯ ಅಪ್ಪ.

ಸೋಮವಾರ ಒಂಬತ್ತನೆಯ ಚಾರ್ಜರಿನಿಂದ ಹೊಗೆ ಎದ್ದಿತು. ಕರೆಂಟ್ ನಿಲ್ಲಿಸುವ ಕೆಂಪು ಬಟನ್ ಒತ್ತಲು ಓಡಿದ ಡ್ರೈವರ್ ಕಾದ ಬಾಗಿಲಿಗೆ ಕೈಯೂರಿ ಅಂಗೈ ಸುಟ್ಟುಕೊಂಡ. ಒಳಗೆ ಸುಟ್ಟು ಕರಕಲಾದ ನಟ್ಟಿನ ಅಂಚಿನಲ್ಲಿ ಅಳಿದುಳಿದ ನೇರಳೆ ಬಣ್ಣ.

ಬುಧವಾರ ಮ್ಯಾನೇಜರ್ ತಮ್ಮ ಕೋಣೆಯಲ್ಲಿ ವಿಚಾರಣೆಗೆ ಕೂತರು. ಗೆರೆಯಮ್ಮನಿಗೆ ಹೆದರಿಕೆಯೇನೂ ಇರಲಿಲ್ಲ. ಅವಳು ಮುಗಿಸಿದ್ದು ಮೊದಲ ಆರು ಮಾತ್ರ. ಏಳರಿಂದ ಹನ್ನೆರಡರವರೆಗಿನ ಚಾರ್ಜರುಗಳನ್ನು ಕೂರಿಸಬೇಕಿದ್ದ ದಿನ ಅಕ್ಕನಿಗೆ ಕಣ್ಣಿನ ಪೊರೆಯ ಆಪರೇಷನ್. "ನೀನು ಅಕ್ಕನ ಜೊತೆ ಹೋಗು, ಬಣ್ಣದ ಬಾಟಲಿ ಕೊಟ್ಟು ಹೋಗು, ಉಳಿದದ್ದು ನಾನು ನೋಡ್ಕೋತೀನಿ" ಎಂದಿದ್ದ ಭಾವ. ಅದನ್ನೇ ಈಗ ಹೇಳುತ್ತಾನೆ ಎಂದು ಕಾದಳು.

"ಗೆರೆ ಅವಳದ್ದೇ ಸಾರ್" ಎಂದ ಭಾವ, ಮೇಜಿನತ್ತ ನೋಡುತ್ತ. "ಉದ್ಘಾಟನೆ ಹತ್ರ ಬಂದಿತ್ತು. ಹುಡುಗಿ, ಅವಸರ ಮಾಡಿದಾಳೆ."

ತಪ್ಪು ಕೇಳಿಸಿತೇ ಎಂದು ಭಾವನ ಮುಖ ನೋಡಿದಳು. ಅವನು ಮೇಜಿನಿಂದ ಕಣ್ಣೆತ್ತಲಿಲ್ಲ.

"ಏಳರಿಂದ ಹನ್ನೆರಡು ನಾನು ಮಾಡಿದ್ದಲ್ಲ ಸಾರ್. ಎಂಟನೇದರ ಕರೆಂಟ್ ತೆಗೆಸಿ, ಬಾಗಿಲು ತೆರೀತೀನಿ" ಎಂದಳು.

ತೆರೆದಳು. ನೇರಳೆ ಗೆರೆ ಒಂದು ಕೂದಲೆಳೆಯಷ್ಟೂ ಬಿರುಕಿಲ್ಲದೆ ನೆಟ್ಟಗಿತ್ತು. ಎರಡು ಬೆರಳಿನಲ್ಲಿ ನಟ್ಟು ಹಿಡಿದು ತಿರುಗಿಸಿದಳು. ಡಬ್ಬಿಯ ಮುಚ್ಚಳದ ಹಾಗೆ ತಿರುಗಿತು. ಬಿಗಿ ಮಾಡಿದ ಮೇಲೆ ಸಡಿಲವಾಗಿದ್ದರೆ ಗೆರೆ ಮೊದಲೇ ತುಂಡಾಗಿರಬೇಕಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕಿರಲಿಲ್ಲ. ಬಿಗಿಯನ್ನೇ ಮಾಡದೆ ಬಣ್ಣ ಬಳಿದಿದ್ದರು.

"ಸರಿ, ಬಳಿದವರು ಯಾರು?" ಎಂದರು ಮ್ಯಾನೇಜರ್. "ನೀನಲ್ಲ ಅಂತೀಯ. ಅವತ್ತು ಗೇಟಲ್ಲಿ ಇನ್ನೂ ಕಾವಲು ಇರಲಿಲ್ಲ. ಸಾಕ್ಷಿ ಯಾರಮ್ಮ?"

"ನಮ್ಮಕ್ಕ ಇದಾಳಲ್ಲ ಸಾರ್!" ಅವಳಿಗೆ ಹೋದ ಜೀವ ಬಂದಂತಾಯಿತು. ಅವತ್ತು ಅಕ್ಕನ ಕೈ ಹಿಡಿದು ಕೂತವಳು ಅವಳು, ಇವತ್ತಿಗೂ ದಿನಕ್ಕೆ ನಾಲ್ಕು ಸಲ ಹನಿ ಹಾಕುವವಳು ಅವಳು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ "ನೀನಿಲ್ದಿದ್ರೆ ನಂಗ್ಯಾರೇ" ಎಂದು ಅತ್ತಿದ್ದಳು ಅಕ್ಕ. ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದಳು.

"ಅಕ್ಕಾ, ನಿನ್ನ ಆಪರೇಷನ್ ದಿನ ಜೊತೆಗಿದ್ದದ್ದು ಯಾರು ಅಂತ ಸಾಹೇಬ್ರಿಗೆ ಹೇಳು."

ಆ ಕಡೆ ಸ್ವಲ್ಪ ಹೊತ್ತು ನಲ್ಲಿ ನೀರಿನ ಸದ್ದು ಮಾತ್ರ ಕೇಳಿಸಿತು. ಆಮೇಲೆ ಅದೂ ನಿಂತಿತು.

"ಇವರೇ ಇದ್ರು" ಎಂದಳು ಅಕ್ಕ. "ಬೆಳಗ್ಗೆಯಿಂದ ಸಂಜೆವರೆಗೂ ನಮ್ಮನೆಯವರೇ ಇದ್ರು."

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರು ಕೊಡುವುದು? ಭಾವ ಗೂಬೆ ಕೂರಿಸಿದ್ದನ್ನು ಹೇಗೋ ಸಹಿಸಿಕೊಂಡಾಳು. ಅಕ್ಕ ಅಷ್ಟು ನಿಧಾನವಾಗಿ, ಯೋಚಿಸಿ, ನಲ್ಲಿ ನಿಲ್ಲಿಸಿ ಹೇಳಿದ್ದು ಎದೆಗೆ ನಾಟಿತ್ತು.

ಮ್ಯಾನೇಜರ್ ಕೈ ಚಾಚಿದರು. ಅವಳು ಲೈಸೆನ್ಸ್ ಕಾರ್ಡನ್ನು ಮೇಜಿನ ಮೇಲಿಟ್ಟಳು. "ಒಂದು ಗಂಟೆ ಕೊಡಿ ಸಾರ್" ಎಂದಳು. "ನಾಲ್ಕಕ್ಕೆ ವ್ಯಾನುಗಳು ಬರ್ತವೆ. ಡ್ರೈವರುಗಳು ಏನು ತಪ್ಪು ಮಾಡಿದಾರೆ?" ಅವರು ಆಗಲಿ ಎಂದು ತಲೆಯಾಡಿಸಿದರು.

ಸುಟ್ಟ ಒಂಬತ್ತನೆಯದನ್ನು ಬಿಟ್ಟು ಉಳಿದ ಐದನ್ನೂ ಒಂದೊಂದಾಗಿ ತೆರೆದಳು. ಹಳೆಯ ಬಣ್ಣ ಕೆರೆದು ತೆಗೆದಳು. ಟಕ್. ಟಕ್. ಕಣ್ಣೀರು ಮೂಗಿನ ತುದಿಗೆ ಇಳಿದಾಗ ತೋಳಿನಿಂದ ಒರೆಸಿಕೊಂಡು ಮತ್ತೆ ಸ್ಪ್ಯಾನರ್ ಹಿಡಿದಳು.

ಕೊನೆಯದನ್ನೂ ಬಿಗಿದು ಏಳುವಾಗ ಭಾವ ಬಂದು ನಿಂತ. "ಅಕ್ಕನ ಮೇಲೆ ಸಿಟ್ಟು ಮಾಡ್ಕೋಬೇಡಮ್ಮ. ನನ್ನ ಲೈಸೆನ್ಸ್ ಹೋದ್ರೆ ಎಲ್ಲ ಮುಗೀತು. ಮನೆ ಉಳೀಬೇಕಲ್ಲ."

"ಅದು ನನ್ನ ಮನೇನೂ ಹೌದು ಅಂದ್ಕೊಂಡಿದ್ದೆ ಭಾವ."

ಅವನು ಜೇಬಿನಿಂದ ನೇರಳೆ ಬಾಟಲಿ ತೆಗೆದು ಚಾಚಿದ. ಅವಳು ಮುಟ್ಟಲಿಲ್ಲ. ಆಗಲೇ ಅವಳ ಫೋನಿನ ಅಲಾರಂ ಹೊಡೆಯಿತು. ಮೂರೂವರೆ, ಅಕ್ಕನಿಗೆ ಹನಿ ಹಾಕುವ ಹೊತ್ತು. ಅಲಾರಂ ನಿಲ್ಲಿಸಿ, ಸ್ಪ್ಯಾನರನ್ನು ಅವನ ಕೈಗೆ ಕೊಟ್ಟಳು.

"ಹೋಗಿ ಭಾವ, ಹನಿ ಹಾಕಿ. ಎರಡು ಬಾಟಲಿ ಇವೆ. ಯಾವುದು ಮೊದಲು, ಎಷ್ಟು ಹೊತ್ತು ಬಿಟ್ಟು ಇನ್ನೊಂದು ಅಂತ ಡಾಕ್ಟರು ಅವತ್ತೇ ಹೇಳಿದ್ರು. ಬೆಳಗ್ಗೆಯಿಂದ ಸಂಜೆವರೆಗೂ ಜೊತೆಗಿದ್ದವರು ನೀವೇ ಅಲ್ವಾ?"

"ಯಾವುದಮ್ಮ ಮೊದಲು?" ಎಂದ ಭಾವ.