ಸಣ್ಣಸ್ವಾಮಿಯ ಎದೆಯ ಒಳದಾರಿ

ಎಲ್ಲರೂ ನೋಡುತ್ತಿದ್ದಂತೆಯೇ ರಾಮಮ್ಮ ಸೀರೆ ಎತ್ತಿ ಕಟ್ಟಿ ಗುಂಡಿಯೊಳಗೆ ಇಳಿದೇಬಿಟ್ಟಳು. ಅವಳ ಗಂಡ ಸಣ್ಣಸ್ವಾಮಿಗೆಂದು ಹೊಲದ ಅಂಚಿನಲ್ಲಿ ತೋಡಿದ ಗುಂಡಿ ಅದು. ಇಳಿದವಳು ಹಸಿ ಮಣ್ಣಿಗೆ ಬೆನ್ನು ಕೊಟ್ಟು ಗಟ್ಟಿಯಾಗಿ ಕೂತಳು.

"ಅತ್ಗೆ, ಇದೇನ್ ಹುಚ್ಚಾಟ? ಮ್ಯಾಕೆ ಬನ್ನಿ!" ಮೈದುನ ಚಂದ್ರು ಕೂಗಿದ.

"ಬರಾಕಿಲ್ಲ. ನಿಮ್ಮಣ್ಣನ್ನ ಇಲ್ಲಿ ಮಲಗಿಸ್ಬೇಕಾದ್ರೆ ಮೊದ್ಲು ನನ್ನ ಮುಚ್ಚು."

ಎಪ್ಪತ್ತರ ಹೆಂಗಸು, ಅದೂ ಗಂಡ ತೀರಿಕೊಂಡ ದಿನ, ಹೀಗೆ ಹಟ ಹಿಡಿದದ್ದನ್ನು ಕುಶಾಲನಗರದ ಆಚೀಚೆ ಯಾರೂ ಕಂಡಿರಲಿಲ್ಲ. ನೆಂಟರು ಅಳುವುದನ್ನೇ ಮರೆತರು. ಸಣ್ಣಸ್ವಾಮಿ ತನ್ನ ದೇಹವನ್ನು ಮಡಿಕೇರಿಯ ಮೆಡಿಕಲ್ ಕಾಲೇಜಿಗೆ ಬರೆದುಕೊಟ್ಟಿದ್ದ. ಸಾಕ್ಷಿಗೆ ರಾಮಮ್ಮನೇ ಸಹಿ ಹಾಕಿದ್ದಳು. ಮಧ್ಯಾಹ್ನ ಮೂರು ಗಂಟೆಯೊಳಗೆ ತನ್ನಿ ಎಂದು ಕಾಲೇಜಿನವರು ಫೋನಿನಲ್ಲಿ ಹೇಳಿದ್ದರು. ಇದೊಂದೂ ತಿಳಿಯದ ಚಂದ್ರು ಬೆಳಗಾಗುವುದರೊಳಗೆ ಗುಂಡಿ ತೋಡಿಸಿ ಕೂತಿದ್ದ. ವಿಷಯ ತಿಳಿದ ಮೇಲೂ ಒಪ್ಪಲಿಲ್ಲ. ಈಗ ಗಂಟೆ ಹನ್ನೆರಡು.

*

ಹನ್ನೆರಡು ವರ್ಷದ ಹಿಂದೆ, ಡೇರಿಗೆ ಹಾಲಿನ ಕ್ಯಾನು ಒಯ್ಯುವಾಗ ಎದೆ ಹಿಡಿಯುತ್ತದೆಂದು ಸಣ್ಣಸ್ವಾಮಿಯನ್ನು ಮೈಸೂರಿಗೆ ಕರೆದೊಯ್ದಿದ್ದರು. ಆಂಜಿಯೋಗ್ರಾಂ ಮಾಡಿದ ಡಾಕ್ಟರು ಗಂಡ ಹೆಂಡತಿ ಇಬ್ಬರನ್ನೂ ಪರದೆಯ ಮುಂದೆ ಕೂರಿಸಿಕೊಂಡರು.

"ಯಜಮಾನ್ರೇ, ಎಡಗಡೆ ಮುಖ್ಯ ರಕ್ತನಾಳ ಪೂರ್ತಿ ಮುಚ್ಚಿಹೋಗಿದೆ."

"ಮತ್ತೆ ನಾನು ಸೈಕಲ್ ತುಳೀತಾ ಇವ್ನಲ್ಲ ಸಾಮಿ?"

"ಅದೇ ನೋಡಿ!" ಡಾಕ್ಟರು ಕುರ್ಚಿಯಿಂದ ಎದ್ದೇಬಿಟ್ಟರು. "ಒಂದೇ ಸಲ ಮುಚ್ಚಿದ್ರೆ ಕಷ್ಟ ಇತ್ತು. ವರ್ಷಗಟ್ಟಲೆ ನಿಧಾನಕ್ಕೆ ಮುಚ್ಚಿದೆ. ನಿಮ್ಮ ಬಲಗಡೆ ನಾಳ ಹುಟ್ಟಿನಿಂದಲೇ ದೊಡ್ಡದು, ಹೃದಯದ ಹಿಂದಿನಿಂದ ಸುತ್ತಿಕೊಂಡು ಬಂದಿದೆ. ಅಲ್ಲಿಂದ ಕೂದಲೆಳೆಯಂಥ ಕವಲುಗಳು ಎಡಕ್ಕೆ ದಾಟಿ ರಕ್ತ ಕೊಡ್ತಿವೆ."

"ಎಲ್ರಿಗೂ ಹಿಂಗೇನಾ?" ರಾಮಮ್ಮ ಕೇಳಿದಳು.

"ಇಲ್ಲಮ್ಮ. ಒಬ್ಬೊಬ್ಬರ ನಾಳಗಳ ಜೋಡಣೆ ಒಂದೊಂದು ಥರ. ಕೆಲವರಿಗೆ ಕವಲು ಬೆಳೆಯೋದೇ ಇಲ್ಲ. ಇವರದ್ದು ಇಷ್ಟು ಚೆನ್ನಾಗಿ ಬೆಳೆದಿದೆಯಲ್ಲ, ನನ್ನ ವಿದ್ಯಾರ್ಥಿಗಳಿಗೆ ತೋರಿಸ್ಬೇಕು."

ಅಷ್ಟು ಸಾಕಾಯಿತು. ಮಾತ್ರೆ ನುಂಗಿಕೊಂಡು ಊರಿಗೆ ಬಂದ ಸಣ್ಣಸ್ವಾಮಿ ಕಂಡಕ್ಟರನಿಗೆ ಹೇಳಿದ, ಕ್ಷೌರದವನಿಗೆ ಹೇಳಿದ, ಡೇರಿಯ ಸಾಲಿನಲ್ಲಿ ಅಂಗಿ ಬಿಚ್ಚಿ ಬೆರಳಿಟ್ಟು ತೋರಿಸಿದ. ಶಾಲೆಯನ್ನು ಮೂರನೇ ಕ್ಲಾಸಿಗೇ ಬಿಟ್ಟವನ ಎದೆಯಲ್ಲಿ ಡಾಕ್ಟರುಗಳು ಓದುವಂಥದ್ದು ಇದೆಯೆಂದರೆ ಸಾಮಾನ್ಯವೇ? ರಾಮಮ್ಮ ಎಷ್ಟು ರೇಗಿಸಿದರೂ ಅವನು ಜಗ್ಗಲಿಲ್ಲ.

"ಮಣ್ಣಿಗೆ ಹಾಕಿದ್ರೆ ಯಾರ್ಗೂ ಕಾಣಾಕಿಲ್ಲ ಕಣೇ. ಓದೋ ಮಕ್ಳು ನೋಡ್ಲಿ" ಎನ್ನುತ್ತಿದ್ದ.

ಕೊನೆಗೆ ಅವನನ್ನು ಒಯ್ದದ್ದು ನ್ಯುಮೋನಿಯ. ಹೃದಯ ಅಲ್ಲ.

*

"ಅಣ್ಣನ್ನ ಕುಯ್ತಾರೆ ಅತ್ಗೆ!"

"ಕುಯ್ಲಿ. ಕುಯ್ದ್ರೆ ತಾನೇ ಕಾಣೋದು?"

"ತೋಡಿದ ಗುಂಡಿ ಬರಿದೇ ಬಿಟ್ರೆ ಅದು ಮನೇಲಿ ಇನ್ನೊಂದು ಹೆಣ ಕೇಳ್ತದೆ." ಚಂದ್ರು ಗುಂಡಿಯ ಅಂಚಿನಲ್ಲಿ ಮಂಡಿಯೂರಿ ಕೈ ಚಾಚಿದ. "ಈಗ ನೀವೇ ಹೋಗಿ ಅದ್ರಲ್ಲಿ ಕೂತಿದ್ದೀರಿ."

ರಾಮಮ್ಮನಿಗೆ ಆಗ ಹೊಳೆಯಿತು. ಇವನದು ಹಟವಲ್ಲ, ಹೆದರಿಕೆ. ಅದೂ ತನಗಾಗಿ. ಅವಳಿಗೆ ಅಳು, ನಗು ಎರಡೂ ಒಟ್ಟಿಗೇ ಬಂದವು.

"ನಂದೀಶ, ಬಾಳೆದಿಂಡು ಕಡಿದು ತಾರೋ! ನಿಮ್ಮಪ್ಪನ ಬದ್ಲು ಅದನ್ನ ಮುಚ್ಚಾನ. ಓಡು!"

ಮಗ ಮಚ್ಚು ಹಿಡಿದು ಓಡಿದ. ಆಳುದ್ದದ ದಿಂಡಿಗೆ ಚಂದ್ರು ಅಣ್ಣನ ಪಂಚೆ ಸುತ್ತಿದ. ರಾಮಮ್ಮನ ಎರಡೂ ಕೈ ಹಿಡಿದು ಮೇಲಕ್ಕೆಳೆದ. ದಿಂಡನ್ನು ಮಲಗಿಸಿ ಮೊದಲ ಹಿಡಿ ಮಣ್ಣು ತಾನೇ ಹಾಕಿದ. ಉಳಿದವರು ಗುದ್ದಲಿ ಹಿಡಿದರು. ಸಣ್ಣಸ್ವಾಮಿಯನ್ನು ಹೊತ್ತ ವ್ಯಾನು ಹೊರಟಾಗ ಒಂದೂವರೆ.

"ಬೇಗ ಬಿಡಪ್ಪಾ!" ಎಂದು ದಾರಿಯುದ್ದಕ್ಕೂ ಡ್ರೈವರನ ಜೀವ ತಿಂದವನೂ ಚಂದ್ರುವೇ.

ಕಾಲೇಜಿನ ಬಾಗಿಲಲ್ಲಿ ಬಿಳಿ ಕೋಟಿನ ಹುಡುಗ ಹುಡುಗಿಯರು ಹೂ ಹಿಡಿದು ನಿಂತಿದ್ದರು. ಮುಂದಿದ್ದ ಹುಡುಗಿಯ ಮುಖ ಬಿಳಿಚಿಕೊಂಡಿತ್ತು.

"ನೀನೇನಾ ಓದೋಳು?"

"ಹೂಂ ಅಜ್ಜಿ."

ರಾಮಮ್ಮ ಅವಳ ಕೈ ಹಿಡಿದು ಸಣ್ಣಸ್ವಾಮಿಯ ಎದೆಯ ಮೇಲಿಟ್ಟಳು. "ಆ ಕವಲು ಕೂದಲೆಳೆಯಷ್ಟೇ ಇರೋದು. ಅವಸರ ಮಾಡ್ಬೇಡ ಮಗಾ, ನಿಧಾನಕ್ಕೆ ಹುಡುಕು."

ಹುಡುಗಿ ಕೈ ಹಿಂದಕ್ಕೆ ತೆಗೆಯಲಿಲ್ಲ. ಹಿಂದೆ ನಿಂತಿದ್ದವರು ಒಬ್ಬರ ಹೆಗಲ ಮೇಲೊಬ್ಬರು ಕತ್ತು ಚಾಚಿ, ಸ್ಟ್ರೆಚರಿನ ಸುತ್ತ ಮುತ್ತಿಕೊಂಡರು.