ನಿದ್ದೆಯಲ್ಲೂ ಎಚ್ಚರವಿರುವವರ ಮನೆ

ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದಾಗ ಮಧ್ಯಾಹ್ನ ಎರಡು ಗಂಟೆ ದಾಟಿತ್ತು. ಕೆಳಗಿನ ಮನೆಯ ಹೊಲಿಗೆಯವಳು ಮೇಲೆ ಬಂದಾಗ ಮೂರೂ ಮುಕ್ಕಾಲು. ಅಷ್ಟೂ ಹೊತ್ತು ಅಕ್ಕ ಸೊಂಟದ ಮೂಳೆ ಮುರಿದುಕೊಂಡು ಒದ್ದೆ ನೆಲದ ಮೇಲೆ ಬಿದ್ದಿದ್ದಳು. ಗೋಡೆಯ ಆಚೆಗೆ ಭಾವ ಮಲಗಿದ್ದರು.

ಭಾವ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಆಮೇಲೆ ಹದಿನೆಂಟು ವರ್ಷಗಳಿಂದ ಪ್ರತಿ ಭಾನುವಾರ ಬೆಳಿಗ್ಗೆ ಮನೆಯ ಮುಂದಿನ ಕೋಣೆಯಲ್ಲಿ ವೇದಾಂತದ ಪಾಠ ಹೇಳುತ್ತಿದ್ದರು. ಹತ್ತು ಹನ್ನೆರಡು ಜನ ಬರುತ್ತಿದ್ದರು. "ಚೆನ್ನಾಗಿ ನಿದ್ದೆ ಬಂತು, ಏನೂ ಗೊತ್ತಾಗಲಿಲ್ಲ ಅಂತ ಎದ್ದ ಮೇಲೆ ಹೇಳ್ತೀರಲ್ಲ, ಏನೂ ಗೊತ್ತಾಗಲಿಲ್ಲ ಅನ್ನೋದು ಗೊತ್ತಾಗಿದ್ದು ಯಾರಿಗೆ?" ಎಂದು ಕೇಳಿ ಕನ್ನಡಕದ ಮೇಲಿಂದ ಒಬ್ಬೊಬ್ಬರನ್ನೇ ನೋಡುತ್ತಿದ್ದರು. ಕನಸೂ ಇಲ್ಲದ ಗಾಢ ನಿದ್ದೆಯಲ್ಲಿ ದೇಹ, ಮನಸ್ಸು, ಹೆಸರು ಎಲ್ಲವೂ ಕಳಚಿಹೋಗುತ್ತವೆ, ಆಗಲೂ ಉಳಿಯುವ ಸಾಕ್ಷಿಯೇ ನೀವು, ಎನ್ನುತ್ತಿದ್ದರು. ನಾನೂ ಕಾಲೇಜಿನಲ್ಲಿ ತತ್ವಶಾಸ್ತ್ರ ಓದಿದವಳು. ಅಲ್ಲಿ ಯಾರೂ ಇಷ್ಟು ಸರಳವಾಗಿ ಹೇಳಿಕೊಟ್ಟಿರಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಕೆಲವು ವರ್ಷಗಳಿಂದ ಭಾವ ತಮ್ಮದೊಂದು ಮಾತನ್ನು ಸೇರಿಸತೊಡಗಿದ್ದರು. ತಮಗೆ ಈಗ ನಿದ್ದೆಯಲ್ಲೂ ಎಚ್ಚರ ಹೋಗುವುದಿಲ್ಲವಂತೆ, ಮಲಗುವುದು ದೇಹ ಮಾತ್ರವಂತೆ, ತಾವು ನೋಡುತ್ತಲೇ ಇರುತ್ತಾರಂತೆ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಅದರ ಅಭ್ಯಾಸ. ಆ ಎರಡು ಗಂಟೆ ಅಕ್ಕ ಮನೆಯಲ್ಲಿ ಬರಿಗಾಲಲ್ಲಿ ಓಡಾಡುತ್ತಿದ್ದಳು. ಫೋನನ್ನು ಟವೆಲಿನಲ್ಲಿ ಸುತ್ತಿ ಅಕ್ಕಿ ಡಬ್ಬದೊಳಗೆ ಇಡುತ್ತಿದ್ದಳು. ಗಂಡನ ಸಾಧನೆಯ ಬಗ್ಗೆ ಅವಳಿಗೆ ಹೆಮ್ಮೆಯೂ ಇತ್ತು, ತಮಾಷೆಯೂ ಇತ್ತು. "ನಿದ್ದೇಲಿ ಇವರಿಗೆ ಎಲ್ಲಾ ಗೊತ್ತಾಗತ್ತೆ ಕಣೇ, ಎದ್ದ ಮೇಲೆ ಕನ್ನಡಕ ಎಲ್ಲಿಟ್ಟೆ ಅನ್ನೋದು ಮಾತ್ರ ಗೊತ್ತಾಗಲ್ಲ" ಎನ್ನುತ್ತಿದ್ದಳು.

ಬಚ್ಚಲ ನಲ್ಲಿ ತೆರೆದೇ ಇದ್ದುದರಿಂದ ನೀರು ಸೋರಿ ಹೊಲಿಗೆಯವಳು ಕತ್ತರಿಸುತ್ತಿದ್ದ ಬಟ್ಟೆಯ ಮೇಲೆ ತೊಟ್ಟಿಕ್ಕಿತು. ಬೈಯಲೆಂದೇ ಅವಳು ಮೇಲೆ ಬಂದಿದ್ದು. ಐದು ನಿಮಿಷ ಕರೆಗಂಟೆ ಒತ್ತಿದ ಮೇಲೆ ಭಾವ ಬಾಗಿಲು ತೆಗೆದರಂತೆ, ಕೆನ್ನೆಯ ಮೇಲೆ ದಿಂಬಿನ ಗೆರೆ ಹಾಗೇ ಇತ್ತಂತೆ. ಬೈಗುಳವನ್ನು ಅಲ್ಲೇ ಬಿಟ್ಟು ಆ ಪುಣ್ಯಾತ್ಗಿತ್ತಿ ಅಕ್ಕನ ಒದ್ದೆ ಸೀರೆ ಬಿಡಿಸಿ, ಯಾರಿಗೋ ಹೊಲಿದಿಟ್ಟಿದ್ದ ಹೊಸ ನೈಟಿಯನ್ನು ತಂದು ತೊಡಿಸಿ ಆಸ್ಪತ್ರೆಗೆ ಕಳಿಸಿದಳು. ಆ ನೈಟಿಯನ್ನು ಅವಳು ಇವತ್ತಿಗೂ ವಾಪಸು ಕೇಳಿಲ್ಲ.

ಶಸ್ತ್ರಚಿಕಿತ್ಸೆಯಾದ ಐದನೆಯ ದಿನ, ಆಸ್ಪತ್ರೆಯಲ್ಲಿ ತಲೆ ಬಾಚುವಾಗ ನಾನು ಕೇಳಿದೆ, ಗೋಡೆ ತಟ್ಟಿ ಕೂಗಬಾರದಿತ್ತೇ ಎಂದು.

"ಒಂದು ಸಲ ಮೆಲ್ಲಗೆ ಕರೆದೆ" ಎಂದಳು. "ಆಮೇಲೆ ಕರೀಲಿಲ್ಲ. ಅವರಿಗೆ ಗೊತ್ತಾಗಿದೆಯಲ್ಲ ಅಂದ್ಕೊಂಡೆ."

"ಏನು ಗೊತ್ತಾಗಿದೆ?"

"ನಾನು ಬಿದ್ದಿದ್ದು. ನೋಡ್ತಾನೇ ಇರ್ತೀನಿ ಅಂತಾರಲ್ಲ. ದೇಹ ಏಳೋಕೆ ಸ್ವಲ್ಪ ಹೊತ್ತು ಬೇಕಾಗತ್ತೇನೋ, ಬರ್ತಾರೆ ಅಂತ ಕಾದೆ."

ನಾವೆಲ್ಲ ಆ ಮಾತನ್ನು ಕೇಳಿ ತಲೆದೂಗಿದವರು, ಎದ್ದು ಮನೆಗೆ ಹೋದವರು. ಅದನ್ನು ನಿಜವಾಗಿ ನಂಬಿದ್ದವಳು ಇವಳೊಬ್ಬಳೇ.

ನನ್ನ ಮನೆ ನೆಲಮಟ್ಟದಲ್ಲಿದೆ, ಗಾಲಿಕುರ್ಚಿ ಸಲೀಸಾಗಿ ಓಡಾಡುತ್ತದೆ. ಅಲ್ಲಿಗೇ ಬಂದುಬಿಡು ಎಂದೆ. ಅಕ್ಕ ತಕ್ಷಣ ಒಪ್ಪಲಿಲ್ಲ. "ಅವರನ್ನ ಒಂದು ಮಾತು ಕೇಳಬೇಕು. ನಿಜ ಹೇಳಿದ್ರೆ ನಮ್ಮ ಮನೇಲೇ ಇರ್ತೀನಿ. ಇಲ್ಲಾಂದ್ರೆ ನಿನ್ನ ಜೊತೆ ಬರ್ತೀನಿ" ಎಂದಳು. ಎಚ್ಚರವಿದ್ದೂ ಬರಲಿಲ್ಲವೋ, ಎಚ್ಚರವೇ ಇರಲಿಲ್ಲವೋ, ಅಷ್ಟು ಗೊತ್ತಾದರೆ ಅವಳಿಗೆ ಸಾಕಿತ್ತು.

ಮನೆಗೆ ಬಂದ ಸಂಜೆಯೇ ಕೇಳಿದಳು. ಭಾವ ಅವಳ ಕಾಲಿಗೆ ಎಣ್ಣೆ ನೀವುತ್ತಿದ್ದರು. ಆ ಕೆಲಸವನ್ನು ನನಗೆ ಬಿಟ್ಟಿರಲಿಲ್ಲ, ಹಿಮ್ಮಡಿಯ ಒಡಕುಗಳಿಗೂ ಬೆರಳ ತುದಿಯಿಂದ ಹಚ್ಚುತ್ತಿದ್ದರು.

"ಅವತ್ತು ನೀವು ಎಚ್ಚರ ಇದ್ರಾ?"

ಭಾವ ಎಣ್ಣೆಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. ಗಾಢ ನಿದ್ದೆಯಲ್ಲಿ ಎರಡನೆಯ ವಸ್ತು ಎಂಬುದೇ ಇರುವುದಿಲ್ಲ, ಆದ್ದರಿಂದ ಕೇಳಿಸುವುದು, ಕೇಳಿಸದಿರುವುದು ಎನ್ನುವ ಪ್ರಶ್ನೆಯೇ ಏಳುವುದಿಲ್ಲ ಎಂದು ಶುರುಮಾಡಿದರು.

"ಹಾಗಾದ್ರೆ ಆ ಎರಡನೆಯದು ನಾನೇನಾ?" ಎಂದಳು ಅಕ್ಕ. "ಪಾಠ ಬೇಡಾರೀ. ಇದ್ರೋ, ಇಲ್ವೋ?"

"ನಿದ್ದೆ ಹೋಗಿದ್ದೆ ಕಣೇ. ಬರೀ ನಿದ್ದೆ. ಎಲ್ಲರ ಹಾಗೆ" ಎಂದರು ಭಾವ. ತಲೆ ಬಗ್ಗಿಸಿ ಅವಳ ಪಾದದ ಮೇಲೆ ಹಣೆ ಇಟ್ಟರು. ಅಕ್ಕ ಎಣ್ಣೆಗೆ ಹಣೆ ಜಿಡ್ಡಾಗತ್ತೆ, ಏಳಿ ಎಂದಳು. ಎಷ್ಟೋ ದಿನಗಳ ಮೇಲೆ ಅವಳು ನಕ್ಕಿದ್ದನ್ನು ನೋಡಿದೆ. ಅಕ್ಕ ಇಲ್ಲೇ ಉಳಿಯುತ್ತಾಳೆಂದು ನನ್ನ ಚೀಲವನ್ನಷ್ಟೇ ತುಂಬಿಕೊಂಡೆ, ಭಾನುವಾರದ ಬಸ್ಸಿಗೆ.

ಭಾನುವಾರ ಬೆಳಿಗ್ಗೆ ಪಾಠಕ್ಕೆ ಜನ ಬಂದರು. ಅವರಲ್ಲೊಬ್ಬರು, ಔಷಧಿ ಅಂಗಡಿಯವರು, ಅಕ್ಕನ ಮಾತ್ರೆಗಳನ್ನು ಬೆಳಿಗ್ಗೆ, ಸಂಜೆ ಎಂದು ಬೇರೆ ಬೇರೆ ಪೊಟ್ಟಣ ಕಟ್ಟಿ, ದೊಡ್ಡ ಅಕ್ಷರದಲ್ಲಿ ಬರೆದು ತಂದಿದ್ದರು. ಒಳಗಿನ ಕೋಣೆಯಲ್ಲಿ ನಾವಿಬ್ಬರೂ ಅದನ್ನು ಜೋಡಿಸುತ್ತ ಕೂತಿದ್ದೆವು. ಮುಂದಿನ ಕೋಣೆಯಲ್ಲಿ ಯಾರೋ ಸಂಕೋಚದಿಂದ ಕೇಳಿದರು, ಅಮ್ಮ ಬಿದ್ದ ದಿನ ತಮಗೆ ಒಳಗೆ ತಿಳಿದಿರಲೇಬೇಕಲ್ಲವೇ ಎಂದು. ಪಾಪ, ಚುಚ್ಚಲು ಕೇಳಿದ್ದಲ್ಲ. ನಂಬಿಕೆಗೆ ಆಸರೆ ಬೇಕಾಗಿ ಕೇಳಿದ್ದು.

ಅಕ್ಕನ ಕೈ ಪೊಟ್ಟಣದ ಮೇಲೇ ಉಳಿಯಿತು.

ಭಾವನ ದನಿ ಸ್ಪಷ್ಟವಾಗಿ ಕೇಳಿಸಿತು. ತಿಳಿದಿತ್ತು ಎಂದರು. ಒಂದು ದೇಹ ಬಿದ್ದದ್ದು, ಅದು ನರಳಿದ್ದು ಎಲ್ಲವನ್ನೂ ಸಾಕ್ಷಿ ನೋಡುತ್ತಿತ್ತು, ಆದರೆ ಬೀಳದೆ ಇರುವುದು ಯಾವುದೋ ಅದರಲ್ಲೇ ತಾವು ನಿಂತಿದ್ದುದರಿಂದ ಕದಲಲಿಲ್ಲ ಎಂದರು. ಯಾರೋ ನಿಟ್ಟುಸಿರು ಬಿಟ್ಟರು. ಬೆರಗಿನ ನಿಟ್ಟುಸಿರು.

"ಕುರ್ಚಿ ತಳ್ಳು" ಎಂದಳು ಅಕ್ಕ.

ಬಾಗಿಲಲ್ಲಿ ಅವಳನ್ನು ಕಂಡು ಎಲ್ಲರೂ ಎದ್ದು ನಿಂತರು. ಅಕ್ಕ ದನಿ ಎತ್ತಲಿಲ್ಲ. "ರೀ, ಮೊನ್ನೆ ನನಗೆ ಹೇಳಿದ್ದನ್ನ ಇವರಿಗೂ ಒಂದು ಸಲ ಹೇಳಿಬಿಡಿ. ನಾನು ಒಳಗೆ ಹೋಗ್ತೀನಿ."

ಭಾವ ಅವಳನ್ನು ನೋಡಿದರು, ಎದ್ದು ನಿಂತಿದ್ದವರನ್ನು ನೋಡಿದರು. ಆ ಹತ್ತು ಮುಖಗಳಲ್ಲಿ ಒಂದಾದರೂ ಗಡುಸಾಗಿದ್ದಿದ್ದರೆ ಅವರಿಗೆ ಸುಲಭವಾಗುತ್ತಿತ್ತೇನೋ. ಎಲ್ಲ ಮುಖಗಳೂ ಪ್ರೀತಿಯಿಂದ ಕಾಯುತ್ತಿದ್ದವು.

"ಎಚ್ಚರ ಇದ್ದೆ" ಎಂದರು.

"ಆಯ್ತು ಬಿಡಿ" ಎಂದಳು ಅಕ್ಕ.

ಅವಳ ಬಟ್ಟೆ ತುಂಬಲು ಹತ್ತು ನಿಮಿಷವೂ ಹಿಡಿಯಲಿಲ್ಲ. ಶಿಷ್ಯರೇ ನಾಲ್ಕು ಜನ ಕುರ್ಚಿ ಎತ್ತಿ, ಮೆಟ್ಟಿಲು ಮೆಟ್ಟಿಲಿಗೂ ನೋಯ್ತಾ ಅಮ್ಮ ಎಂದು ಕೇಳುತ್ತ ಕೆಳಗಿಳಿಸಿದರು. ತಂಗಿಯ ಮನೆಗೆ ನಾಲ್ಕು ದಿನ ಹೊರಟಿದ್ದಾಳೆ ಎಂದೇ ತಿಳಿದಿದ್ದರು. ಭಾವ ನಾನು ಕರೆಸಿದ್ದ ಬಾಡಿಗೆ ಕಾರಿನ ತನಕ ಬಂದರು. ಶಾಲಿನ ಅಂಚು ಬಾಗಿಲಿಗೆ ಸಿಕ್ಕಿಕೊಳ್ಳದ ಹಾಗೆ ಅವಳ ಕಾಲ ಸುತ್ತ ಮಡಚಿಟ್ಟು, ಎರಡು ಸಲ ಸರಿಮಾಡಿದರು. ಅಕ್ಕ ಮುಂದಿನ ಸೀಟಿನ ಬೆನ್ನನ್ನೇ ನೋಡುತ್ತಿದ್ದಳು.

ಈಗ ಐದು ತಿಂಗಳಾಯಿತು. ಭಾವ ಪ್ರತಿದಿನ ಬೆಳಿಗ್ಗೆ ಫೋನು ಮಾಡುತ್ತಾರೆ. ಅಕ್ಕ ತೆಗೆದುಕೊಳ್ಳುವುದಿಲ್ಲ. ರಾತ್ರಿ ಅವಳಿಗೆ ನಿದ್ದೆ ಬಂತೇ ಎಂದು ನನ್ನನ್ನು ಕೇಳುತ್ತಾರೆ. ಬಂತು ಎನ್ನುತ್ತೇನೆ. ಅವಳು ಮಂಚದ ಮೇಲೆ ಕೆಂಪು ಕಣ್ಣು ಬಿಟ್ಟುಕೊಂಡು ಕೂತು, ನಾನು ಹೇಳುವ ಸುಳ್ಳನ್ನು ಕೇಳಿಸಿಕೊಳ್ಳುತ್ತಾಳೆ.