ಮುಖ ತೊಳೆಯದೆ ಹೋದ ದಿನ

ಮಸ್ಕಿಯ ಮೈಮುನಾಬಿಯ ಎದೆ ವರ್ಷಕ್ಕೆ ಐದಾರು ಸಲ, ಹೇಳದೆ ಕೇಳದೆ ಓಟ ಕೀಳುತ್ತಿತ್ತು. ಸಿಂಧನೂರಿನ ದವಾಖಾನೆ ಮುಟ್ಟುವಷ್ಟರಲ್ಲಿ ತಣ್ಣಗಾಗಿರುತ್ತಿತ್ತು. ಇಸಿಜಿ ತೆಗೆದರೆ ಯಾವ ದೋಷವೂ ಇರುತ್ತಿರಲಿಲ್ಲ.

"ದವಾಖಾನಿ ಬಾಗಲಾ ಕಂಡ್ರ ನಿನ್ನ ರೋಗಕ್ಕ ಅಂಜಿಕಿ," ಎಂದು ಗಂಡ ಹುಸೇನ್‌ಸಾಬ್ ನಗುತ್ತಿದ್ದ. ಗಾದಿ ಹೊಲಿಯುವವನು, ಕೆಲಸ ಬಿಟ್ಟು ಬರಬೇಕಾದಾಗಲೆಲ್ಲ ಇದೇ ಮಾತು. "ನಾಟಕ ಕಂಪನಿ ಸೇರಬೇಕಿತ್ತು ನೀ." ಮೂವತ್ತು ವರ್ಷ ಆ ನಗೆ ಕೇಳಿ ಮೈಮುನಾಬಿ ಸೋತಿದ್ದಳು. ಒಂದೇ ಒಂದು ಸಲ ಆ ಎದೆಯ ಓಟ ಇಸಿಜಿಯ ಕಾಗದದ ಮೇಲೆ ಮೂಡಿದ್ದರೆ ಸಾಕಿತ್ತು.

ಹೊಸದಾಗಿ ಬಂದ ಡಾಕ್ಟರ್ ಐಶ್ವರ್ಯ ಮಾತ್ರ ನಗಲಿಲ್ಲ. "ಎದಿ ಓಡಾಕ ಹತ್ತಿದ ಮ್ಯಾಲ ಇಲ್ಲಿಗೆ ಬರೂತನಕ ಏನೇನ್ ಮಾಡ್ತೀರಿ ಚಾಚಿ? ಒಂದೂ ಬಿಡದ ಹೇಳ್ರಿ."

"ಏನ್ ಮಾಡೂದೈತ್ರಿ? ನಮಾಜಿಗೆ ಕೈ ಕಾಲು ಮಕ ತೊಳದಂಗ ವಜು ಮಾಡ್ಕೋತೀನಿ, ಬುರ್ಖಾ ಹಾಕ್ಕೋತೀನಿ, ಅಷ್ಟೊತ್ತಿಗೆ ಓಟ ಇಳದಂಗ ಅನಸಿದ್ರೂ ಅಂಜಿಕಿಗೆ ಬಸ್ ಹತ್ತತೀನಿ. ಜೀವ ಹೋಗೂದಾದ್ರ ವಜುದಾಗ ಹೋಗ್ಲಿ ಅಂತ."

"ವಜು ಅಂದ್ರ ಮಕಕ್ಕ ತಣ್ಣೀರು?"

"ಮೂರ್ ಸಲ. ಅದೂ ಮಣ್ಣಿನ ಹರವಿ ನೀರು, ಜುಮ್ ಅಂತೈತಿ."

ಡಾಕ್ಟರ್ ಹಣೆ ಬಡಿದುಕೊಂಡಳು. "ರೋಗಾನ ಮನ್ಯಾಗ ಬಿಡಿಸ್ಕೊಂಡು ಬರಾಕತ್ತೀರಲ್ಲ ಚಾಚಿ! ಮಕಕ್ಕ ತಣ್ಣೀರು ಬಿದ್ರ ಇಂಥ ಓಟ ಗಕ್ಕನ ನಿಂತು ಹೋಗ್ತೈತಿ. ಮುಂದಿನ ಸಲ ತೊಳೀಬ್ಯಾಡ್ರಿ, ಹಂಗ ಬರ್ರಿ."

ಎರಡು ತಿಂಗಳ ಮೇಲೆ, ಜೋಳ ಹಸನು ಮಾಡುತ್ತ ಕೂತಿದ್ದಾಗ ಮತ್ತೆ ಆ ಓಟ ಬಂತು. ಮೈಮುನಾಬಿಯ ಕೈ ತಾನೇ ಹರವಿಯತ್ತ ಹೋಯಿತು. ಹಿಂದಕ್ಕೆಳೆದುಕೊಂಡಳು.

"ವಜು?" ಹುಸೇನ್‌ಸಾಬ್ ಬೆರಗಾದ.

"ಇವತ್ತಿಲ್ಲ. ನಡೀರಿ ಲಗೂನ."

ಬಸ್ಸಿನ ಕಿಟಕಿಯಾಚೆ ಭತ್ತದ ಗದ್ದೆಗಳು ಸರಿಯುತ್ತಿದ್ದವು. ಅವಳ ಕಣ್ಣ ಮುಂದೆ ಮಾತ್ರ ಗುರುಗುಂಟಾದ ತವರಿನ ಹಿತ್ತಲು. ಏಳು ವರ್ಷದವಳಿದ್ದಾಗ ಎದೆ ಮೊದಲ ಸಲ ಓಡಿದ್ದು ಅಲ್ಲಿ. ಹುಡುಗಿ ಅಂಜಿದ್ದಾಳೆಂದು ಊರವರು ತಾಯತ ತಂದರು. ಅಮ್ಮ ಮುನ್ನಿಬೀ ಕಟ್ಟಿದಳು, ಆದರೆ ಅದನ್ನೇ ನಂಬಿ ಕೂರಲಿಲ್ಲ. ಎದೆ ಓಡಿದಾಗಲೆಲ್ಲ ಮಗಳ ಕತ್ತು ಹಿಡಿದು, ಆಡುಗಳು ನೀರು ಕುಡಿಯುವ ಕಲ್ಲಿನ ಬಾನಿಯಲ್ಲಿ ಮುಖ ಮುಳುಗಿಸುತ್ತಿದ್ದಳು. ಬೇವಿನೆಲೆ ಮೂಗಿಗೆ ತಾಗುತ್ತಿತ್ತು. ಕಿವಿಯ ಹತ್ತಿರ ಆಡಿನ ಬಿಸಿ ಉಸಿರು. "ಎದ್ಯಾಗಿನ ಗುಬ್ಬಿ ಹಾರಿ ಹೋತು ನೋಡವಾ," ಎನ್ನುತ್ತ ಸೆರಗಿನಿಂದ ಒರೆಸುತ್ತಿದ್ದಳು. ಆ ಸೆರಗಿಗೆ ಒಲೆಯ ಹೊಗೆ, ಹುಳಿಮಜ್ಜಿಗೆಯ ವಾಸನೆ. ಈಗ ಆ ಹಿತ್ತಲಲ್ಲಿ ತಮ್ಮ ಶಾವಲಿಯ ಸಿಮೆಂಟಿನ ಕೋಣೆ. ಅಮ್ಮ ಹೋಗಿ ಹನ್ನೆರಡು ವರ್ಷ. ಆದರೂ ಕತ್ತಿನ ಹಿಂದೆ ಅವಳ ಒರಟು ಅಂಗೈ ಇದ್ದಂತಾಗಿ, ಮೈಮುನಾಬಿ ಎರಡು ಸಲ ಮುಟ್ಟಿ ನೋಡಿಕೊಂಡಳು.

ದವಾಖಾನೆಯಲ್ಲೂ ಓಟ ನಿಂತಿರಲಿಲ್ಲ. ಕಾಗದ ಹೊರಬರುತ್ತಿದ್ದಂತೆ ಡಾಕ್ಟರ್, "ಸಿಕ್ತ್ ಚಾಚಿ! ನಿಮಿಷಕ್ಕ ನೂರಾ ತೊಂಬತ್ತು!" ಎಂದು ಕೂಗಿದಳು. ಆಮೇಲೆ ಹುಸೇನ್‌ಸಾಬನಿಗೆ ತಿಳಿಸಿ ಹೇಳಿದಳು: "ಎದ್ಯಾಗ ಕರೆಂಟ್ ಇಳಿಯಾಕ ಒಂದ ದಾರಿ ಇರ್ತೈತಿ. ಚಾಚಿಗೆ ಹುಟ್ಟಿನಿಂದ ಎರಡು ಅದಾವ. ಒಂದರಾಗ ಇಳದದ್ದು ಇನ್ನೊಂದರಾಗ ಹೊಳ್ಳಿ ಮ್ಯಾಲ ಬರ್ತೈತಿ, ಮತ್ತ ಇಳೀತೈತಿ. ಸುತ್ತ ಹಾಕೂದ ಆಗ್ತೈತಿ, ಎದಿ ಅದರ ಹಿಂದ ಓಡ್ತೈತಿ. ಈಗ ಸೂಜಿ ಹಾಕಿ ನಿಲ್ಲಸ್ತೀನಿ. ಆಮ್ಯಾಲ ದೊಡ್ಡ ದವಾಖಾನ್ಯಾಗ ಆ ಹೆಚ್ಚಿನ ದಾರಿ ಸುಟ್ಟು ಮುಚ್ಚಸ್ಕೋರಿ."

ನರ್ಸ್ ಸೂಜಿ ತಂದಳು.

"ಒಂದ್ ಗಳಿಗಿ ತಡಿಯವಾ," ಎಂದಳು ಮೈಮುನಾಬಿ. ಮಣಿಕಟ್ಟನ್ನು ಗಂಡನತ್ತ ಚಾಚಿದಳು. "ಹಿಡದ್ ನೋಡ್ರಿ."

ಹುಸೇನ್‌ಸಾಬ್ ಬೆರಳಿಟ್ಟ. ಅರಳೆ ಹಿಂಜುವ ಬಿಲ್ಲಿನ ತಂತಿಯಂತೆ ಅದು ಅದುರುತ್ತಿತ್ತು. ಅವನ ಮುಖ ಬಿಳಿಚಿಕೊಂಡಿತು.

"ಇಷ್ಟ್ ವರ್ಷ ಹಿಂಗ ಇತ್ತೇನ?"

"ಹಿಂಗ ಇತ್ತು."

"ಇಷ್ಟ್ ದಿನ ನಕ್ಕ ಈ ಹಲ್ಲಾಗ ಮಣ್ಣ್ ಬೀಳ್ಲಿ," ಎಂದ ಅವನು, ಕೈ ಬಿಡದೆ. "ಸೂಜಿ ಹಾಕವಾ ಡಾಕ್ಟರಮ್ಮ, ಲಗೂನ ಹಾಕು."